ಗ್ರಾಫಿಕ್ಸ್ ಡ್ರೈವರ್ ಮತ್ತು ಗೇಮ್‌ಪ್ಯಾಡ್ ಪರೀಕ್ಷಿಸುವ ಟೂಲ್ ಬರೆಯುತ್ತಿದ್ದೇನೆ. ಡ್ರೈವರ್ ಹಳೆಯದಾಗಿದೆ ಅಂತ ಟೂಲ್ ಹೇಗೆ ತೀರ್ಮಾನಿಸಬೇಕು? ಮಾಹಿತಿಯನ್ನು ಡಿಎಕ್ಸ್‌ಡಯಾಗ್‌ನಿಂದ (ವಿಂಡೋಸ್‌ನ ತಪಾಸಣಾ ಟೂಲ್) ತೆಗೆಯಲೋ, ಡಬ್ಲ್ಯುಎಂಐನಿಂದಲೋ (ಕಂಪ್ಯೂಟರ್‌ನ ಮಾಹಿತಿ ಕೇಳಿದರೆ ಕೊಡುವ ವಿಂಡೋಸ್ ವ್ಯವಸ್ಥೆ)?

ತೀರ್ಮಾನಿಸಲೇಬಾರದು. ನೀವು ಹೇಳುತ್ತಿರುವ ಟೂಲನ್ನೇ ನಾನೂ ಬರೆದಿದ್ದೆ. ಹಸಿರು, ಹಳದಿ, ಕೆಂಪು ದೀಪ, ಕೆಳಗೊಂದು 'ಸರಿಪಡಿಸು' ಬಟನ್, ಎಲ್ಲವೂ ಅದರಲ್ಲಿತ್ತು. ಡಿಎಕ್ಸ್‌ಡಯಾಗ್ ವರದಿಯಿಂದ ಮಾಹಿತಿ ತೆಗೆಯೋದಾ, ಡಬ್ಲ್ಯುಎಂಐನಿಂದ ಕೇಳಿ ಪಡೆಯೋದಾ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಮ್ಮದು ಸಣ್ಣ ತಂಡ. ವಿಂಡೋಸ್‌ಗೆ ಒಂದು ಗೇಮ್ ಬಿಟ್ಟಿದ್ದೆವು. ಸ್ವಲ್ಪ ದಿನಕ್ಕೇ ದೂರು ಶುರುವಾಯಿತು. ಗೇಮ್ ಕ್ರ್ಯಾಶ್ ಆಗುತ್ತಿರಲಿಲ್ಲ, ಆದರೆ ನಡುನಡುವೆ ಜರ್ಕ್ ಹೊಡೆಯುತ್ತಿತ್ತು. ಒಳ್ಳೆ ಕಾರ್ಡ್ ಇದ್ದವರಿಗೂ ಹಾಗೇ ಆಗುತ್ತಿತ್ತು. ಒಬ್ಬೊಬ್ಬರಿಗೂ ಪತ್ರ ಬರೆದು ಕೇಳೋದು ಕಷ್ಟ ಅಂತ ಗೇಮ್ ಜೊತೆಗೇ ಒಂದು ಡಯಾಗ್ನೋಸ್ಟಿಕ್ ಟೂಲ್ ಕೊಟ್ಟೆವು. ಗ್ರಾಫಿಕ್ಸ್‌ಗೆ ಒಂದು ಪುಟ, ಇನ್‌ಪುಟ್‌ಗೆ ಒಂದು ಪುಟ. ಡ್ರೈವರ್ ತಾರೀಕು ಒಂದು ವರ್ಷಕ್ಕಿಂತ ಹಿಂದಿನದಾದರೆ ಕೆಂಪು ದೀಪ, 'ಡ್ರೈವರ್ ಹಳೆಯದು, ಅಪ್‌ಡೇಟ್ ಮಾಡಿ' ಅನ್ನೋ ಸಂದೇಶ. ಈ ನಿಯಮ ಬರೆದದ್ದು ನಾನೇ. ನಮಗೆ ಹೆಚ್ಚು ನಷ್ಟ ಮಾಡಿದ್ದೂ ಇದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದನ್ನೇ ಬರೆಯಲು ಹೊರಟಿದ್ದೀರಿ. ಡ್ರೈವರ್ ಜೊತೆ ಒಂದು ಐಎನ್‌ಎಫ್ ಫೈಲ್ ಬರುತ್ತದೆ. ಅದರೊಳಗೆ ಒಂದು ಸಾಲಿನಲ್ಲಿ ತಾರೀಕು ಮತ್ತು ವರ್ಷನ್ ನಂಬರ್ ಬರೆದಿರುತ್ತಾರೆ. ಡಿವೈಸ್ ಮ್ಯಾನೇಜರ್ ತೋರಿಸೋದು ಅದನ್ನೇ. ಆ ತಾರೀಕು ಕೋಡ್ ಕಂಪೈಲ್ ಆದ ದಿನವೇ ಆಗಿರಬೇಕಿಲ್ಲ. ಡ್ರೈವರ್ ಕೊಟ್ಟವರು ಏನು ಬರೆದರೋ ಅದು. ವಿಂಡೋಸ್‌ಗೆ ಅದು ಬೇಕಾಗೋದು ಆಯ್ಕೆ ಮಾಡುವಾಗ. ಒಂದೇ ಸಾಧನಕ್ಕೆ ಎರಡು ಡ್ರೈವರ್ ಸಿಕ್ಕರೆ ಮೊದಲು ಡಿಜಿಟಲ್ ಸಹಿ, ಹಾರ್ಡ್‌ವೇರ್ ಐಡಿಯ ಹೊಂದಿಕೆ ಇಂಥವನ್ನು ನೋಡುತ್ತದೆ. ಅವುಗಳಲ್ಲಿ ಎರಡೂ ಸಮ ಆದರೆ ತಾರೀಕು, ತಾರೀಕೂ ಒಂದೇ ಆದರೆ ವರ್ಷನ್. ಸಾಧನ ತಯಾರಿಸಿದವರ ಡ್ರೈವರ್ ಗೆಲ್ಲಲಿ ಅಂತಲೇ ಮೈಕ್ರೋಸಾಫ್ಟ್ ವಿಂಡೋಸ್‌ನೊಳಗೆ ಬರುವ ಡ್ರೈವರ್‌ಗಳಿಗೆ 2006ರ ಜೂನ್ 21 ಅನ್ನೋ ಹಳೆಯ ತಾರೀಕು ಹಾಕುತ್ತದೆ. ವಿಂಡೋಸ್ 11ರಲ್ಲಿ ಒಂದು ಸಾಮಾನ್ಯ ಯುಎಸ್‌ಬಿ ಗೇಮ್‌ಪ್ಯಾಡ್ ಚುಚ್ಚಿ ಅದರ ಎಚ್‌ಐಡಿ ಡ್ರೈವರ್ (ಕೀಬೋರ್ಡ್, ಮೌಸ್, ಪ್ಯಾಡ್‌ನಂಥ ಸಾಧನಗಳಿಗೆ ವಿಂಡೋಸ್‌ನದೇ ಡ್ರೈವರ್) ತೆರೆದು ನೋಡಿ. ತಾರೀಕು 2006 ಅಂತಲೇ ಇರುತ್ತದೆ. ಪಕ್ಕದ ವರ್ಷನ್ ಮಾತ್ರ 10.0 ಅಂತ ಶುರುವಾಗಿ ವಿಂಡೋಸ್ ಬಿಲ್ಡ್ ನಂಬರ್ ಹೇಳುತ್ತದೆ.

ನನ್ನ ಟೂಲ್ ಇಂಥ ಪ್ರತಿ ಪ್ಯಾಡಿಗೂ ಕೆಂಪು ಹಚ್ಚಿತು. ಜನ ಏನು ಮಾಡುತ್ತಾರೆ ಹೇಳಿ? ಹೊಸ ಡ್ರೈವರ್ ಹುಡುಕುತ್ತಾರೆ. ಆ ಡ್ರೈವರ್‌ಗೆ ಹೊಸದು ಅಂತ ಒಂದು ಇಲ್ಲವೇ ಇಲ್ಲ, ಅದು ವಿಂಡೋಸ್ ಜೊತೆಗೇ ಬರುವಂಥದ್ದು. ಹುಡುಕಿದವರ ಕೈಗೆ ಸಿಕ್ಕಿದ್ದು 'ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನೋ ತರಹದ ಸಾಫ್ಟ್‌ವೇರ್. ಸರಿಯಾಗಿದ್ದ ಕಂಪ್ಯೂಟರ್‌ಗಳಿಗೆ ನಮ್ಮ ಟೂಲ್ ಮೂಲಕ ಕಸ ಸೇರಿತು. ಇನ್ನು ಲ್ಯಾಪ್‌ಟಾಪ್ ಇದ್ದವರು ತಯಾರಕರು ತಮ್ಮ ಮಾಡೆಲ್‌ಗೆ ಅಂತ ಹೊಂದಿಸಿ ಕೊಟ್ಟ ಗ್ರಾಫಿಕ್ಸ್ ಡ್ರೈವರ್ ತೆಗೆದು ಸಾಮಾನ್ಯ ಡ್ರೈವರ್ ಹಾಕಿದರು. ಜರ್ಕ್ ಹೋಗಲಿಲ್ಲ, ಅದರ ಜೊತೆಗೆ ಹೊಸ ತೊಂದರೆ ಬಂತು. ಜ್ವರ ಬಂದವರ ಹುಟ್ಟಿದ ತಾರೀಕು ಕೇಳಿ ಔಷಧಿ ಬರೆದುಕೊಟ್ಟ ಹಾಗಿತ್ತು ಆ ನಿಯಮ.

ತಾರೀಕು ಬಿಟ್ಟು ವರ್ಷನ್ ನಂಬರ್ ಹೋಲಿಸಿದರೆ ಆಯಿತಲ್ವಾ ಅಂತ ನೀವು ಕೇಳಬಹುದು. ಅದರಲ್ಲೂ ಗುಂಡಿಗಳಿವೆ. ಎನ್‌ವಿಡಿಯಾ 536.23 ಅಂತ ಕರೆಯುವ ಡ್ರೈವರ್ ವಿಂಡೋಸ್‌ನಲ್ಲಿ 31.0.15.3623 ಅಂತ ಕಾಣುತ್ತದೆ. ಕೊನೆಯ ಐದು ಅಂಕಿ ತೆಗೆದುಕೊಂಡು ನಡುವೆ ಚುಕ್ಕಿ ಇಟ್ಟರೆ ಕಂಪನಿಯ ನಂಬರ್ ಸಿಗುತ್ತದೆ. ಮೊದಲಿನ 31 ಡಬ್ಲ್ಯುಡಿಡಿಎಂ (ವಿಂಡೋಸ್‌ನ ಗ್ರಾಫಿಕ್ಸ್ ಡ್ರೈವರ್ ಮಾದರಿ) 3.1ರ ಗುರುತು, ಡ್ರೈವರ್ ಎಷ್ಟು ಹೊಸದು ಅನ್ನೋದರ ಅಳತೆ ಅಲ್ಲ. ಬೇರೆ ಕಂಪನಿಯವರ ಲೆಕ್ಕ ಬೇರೆ. ಈ ನಂಬರ್‌ಗಳನ್ನು ಹಾಗೇ ಬರೆದಿಡಿ. ನೀವೇ ಕಣ್ಣಾರೆ ಕಂಡು ಖಚಿತ ಮಾಡಿಕೊಂಡ ತೊಂದರೆ ಒಂದು ನಿರ್ದಿಷ್ಟ ವರ್ಷನ್‌ನಲ್ಲಿದ್ದರೆ, ಆ ವರ್ಷನ್ ಹೆಸರು ಹೇಳಿ ಆ ತೊಂದರೆಯನ್ನೇ ಹೇಳಿ. 'ಹಳೆಯದು' ಅನ್ನೋ ಮಾತು ಯಾರಿಗೂ ಏನನ್ನೂ ತಿಳಿಸಲ್ಲ.

ಅಷ್ಟಾದರೂ ಜರ್ಕ್ ಎಲ್ಲಿಂದ ಬರುತ್ತಿತ್ತು ಅನ್ನೋದು ಹಾಗೇ ಉಳಿದಿತ್ತು. ದೂರುಗಳನ್ನು ಮತ್ತೆ ಓದುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ದೂರು ಕೊಟ್ಟವರು ಹೆಚ್ಚುಕಮ್ಮಿ ಎಲ್ಲರೂ ಕೀಬೋರ್ಡ್‌ನಲ್ಲಿ ಆಡುವವರು. ಅವರ ವರದಿಯಲ್ಲಿ ಇನ್‌ಪುಟ್ ಪುಟ ಖಾಲಿ. 'ಗೇಮ್‌ಪ್ಯಾಡ್ ಇಲ್ಲ, ಪರೀಕ್ಷಿಸಲು ಏನೂ ಇಲ್ಲ' ಅಂತ ಬೂದು ಬಣ್ಣದಲ್ಲಿ ಒಂದು ಸಾಲು ಇತ್ತು, ಅಷ್ಟೇ. ಅದರ ಪಕ್ಕದ ಪುಟದಲ್ಲಿ ಗ್ರಾಫಿಕ್ಸ್ ಡ್ರೈವರ್‌ಗೆ ಕೆಂಪು ದೀಪ. ನಾವೆಲ್ಲ ಕೆಂಪನ್ನೇ ನೋಡುತ್ತಿದ್ದೆವು. ಉತ್ತರ ಆ ಬೂದು ಸಾಲಿನಲ್ಲಿತ್ತು.

ಗೇಮ್ ಪ್ರತಿ ಫ್ರೇಮ್‌ನಲ್ಲೂ ಎಕ್ಸ್‌ಇನ್‌ಪುಟ್‌ನ (ಎಕ್ಸ್‌ಬಾಕ್ಸ್ ತರಹದ ಪ್ಯಾಡ್ ಓದುವ ವಿಂಡೋಸ್ ವ್ಯವಸ್ಥೆ) ಮೊದಲ ಸ್ಲಾಟ್‌ನಲ್ಲಿ ಪ್ಯಾಡ್ ಇದೆಯಾ ಅಂತ ಎಕ್ಸ್‌ಇನ್‌ಪುಟ್‌ಗೆಟ್‌ಸ್ಟೇಟ್ ಕರೆದು ನೋಡುತ್ತಿತ್ತು. ಎಕ್ಸ್‌ಇನ್‌ಪುಟ್‌ನಲ್ಲಿ ಒಟ್ಟು ನಾಲ್ಕು ಸ್ಲಾಟ್. ಪ್ಯಾಡ್ ಇದ್ದರೆ ಈ ಕರೆ ಥಟ್ ಅಂತ ಮುಗಿಯುತ್ತದೆ. ಸ್ಲಾಟ್ ಖಾಲಿ ಇದ್ದರೆ ಸಾಧನಗಳನ್ನು ಹುಡುಕುವ ಕೆಲಸ ನಡೆಯುತ್ತದೆ, ಅದು ದುಬಾರಿ. ಖಾಲಿ ಸ್ಲಾಟ್‌ಗಳನ್ನು ಪ್ರತಿ ಫ್ರೇಮ್ ಕೇಳಬೇಡಿ, ಕೆಲವು ಸೆಕೆಂಡಿಗೊಮ್ಮೆ ಕೇಳಿದರೆ ಸಾಕು ಅಂತ ಅದರ ದಾಖಲೆಯಲ್ಲೇ ಬರೆದಿದೆ. ಅಂದರೆ ಪ್ಯಾಡ್ ಇಲ್ಲದವರ ಗೇಮ್ ಇಲ್ಲದ ಪ್ಯಾಡನ್ನು ಹುಡುಕಿ ಹುಡುಕಿ ಸುಸ್ತಾಗುತ್ತಿತ್ತು.

ಇದು ಖಚಿತವಾಗಿದ್ದು ಎರಡನೇ ಸಲ ಟೂಲ್ ಬರೆದಾಗ. ಈ ಸಲ ದೀಪ ತೆಗೆದೆವು. ಗೇಮ್ ಓಡುವಾಗಲೇ ಪ್ರತಿ ಫ್ರೇಮ್‌ಗೆ ಒಂದು ಸಾಲು ಬರೆಯುವ ಹಾಗೆ ಮಾಡಿದೆವು. ಫ್ರೇಮ್ ಎಷ್ಟು ಹೊತ್ತು ಹಿಡಿಯಿತು, ಜಿಪಿಯು (ಗ್ರಾಫಿಕ್ಸ್ ಚಿಪ್) ಕೆಲಸಕ್ಕೆ ಎಷ್ಟು, ಇನ್‌ಪುಟ್ ಕರೆಗೆ ಎಷ್ಟು. ಎಲ್ಲಕ್ಕೂ ಒಂದೇ ಗಡಿಯಾರ. ಬಂದ ಲಾಗ್‌ನಲ್ಲಿ ಒಂದು ಸಾಲು ಹೀಗಿತ್ತು: ಫ್ರೇಮ್ 33 ಮಿಲಿಸೆಕೆಂಡ್, ಜಿಪಿಯು 6, ಇನ್‌ಪುಟ್ 14. ಅದರ ಹಿಂದಿನ ಸಾಲಿನಲ್ಲಿ ಫ್ರೇಮ್ 16, ಜಿಪಿಯು 6, ಇನ್‌ಪುಟ್ 3. 60 ಹರ್ಟ್ಸ್ ಪರದೆಗೆ ಒಂದು ಫ್ರೇಮ್‌ಗೆ ಸಿಗೋದು 16.67 ಮಿಲಿಸೆಕೆಂಡ್. ವಿಸಿಂಕ್ (ಫ್ರೇಮನ್ನು ಪರದೆಯ ಲಯಕ್ಕೆ ಕಟ್ಟುವ ಆಯ್ಕೆ) ಹಾಕಿದ್ದರೆ ಅದನ್ನು ಸ್ವಲ್ಪ ತಪ್ಪಿಸಿಕೊಂಡರೂ ಮುಂದಿನ ಸರದಿಗೆ ಕಾಯಬೇಕು, ಆಗ 33. ಕಣ್ಣಿಗೆ ಕಾಣುವ ಜರ್ಕ್ ಅದೇ. ಜಿಪಿಯು ಎರಡೂ ಸಾಲಿನಲ್ಲಿ ಆರಕ್ಕೇ ಕೆಲಸ ಮುಗಿಸಿದೆ. ಪಾಪ, ಅದರ ಡ್ರೈವರ್‌ನದು ಏನೂ ತಪ್ಪಿರಲಿಲ್ಲ.

ಹಾಗಾಗಿ ಗ್ರಾಫಿಕ್ಸ್ ಬೇರೆ, ಇನ್‌ಪುಟ್ ಬೇರೆ ಅಂತ ಎರಡು ಟ್ಯಾಬ್ ಮಾಡಬೇಡಿ. ಆಡುವವರಿಗೆ ಇವೆರಡೂ ಒಂದೇ ಅನುಭವ. ಬಟನ್ ಒತ್ತಿದ್ದು ತಡವಾಗಿ ಕಂಡರೆ ಅದು ಪ್ಯಾಡ್‌ದೋ ಪರದೆದೋ ಅಂತ ಅವರಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗಬೇಕಾದರೆ ಎರಡರ ಲೆಕ್ಕವೂ ಒಂದೇ ಸಾಲಿನಲ್ಲಿ ಇರಬೇಕು. ಗಡಿಯಾರಕ್ಕೆ ಕ್ವೆರಿಪರ್ಫಾರ್ಮೆನ್ಸ್‌ಕೌಂಟರ್ ಬಳಸಿ. ಗೆಟ್‌ಟಿಕ್‌ಕೌಂಟ್ ಸಾಮಾನ್ಯವಾಗಿ 10ರಿಂದ 16 ಮಿಲಿಸೆಕೆಂಡ್‌ಗೆ ಒಂದು ಹೆಜ್ಜೆ ಇಡುತ್ತದೆ, ಒಂದು ಫ್ರೇಮ್ ಅಳೆಯಲು ಅದು ಸಾಲದು.

ಗೇಮ್ ಪೂರ್ತಿ ನಿಂತುಹೋಗುವ ದೂರುಗಳ ಕಥೆ ಬೇರೆ. ವಿಂಡೋಸ್‌ನಲ್ಲಿ ಜಿಪಿಯು 2 ಸೆಕೆಂಡ್ ಉತ್ತರ ಕೊಡದಿದ್ದರೆ ಟಿಡಿಆರ್ ಅನ್ನೋ ವ್ಯವಸ್ಥೆ ಅದನ್ನು ರೀಸೆಟ್ ಮಾಡುತ್ತದೆ. ವಿಸ್ಟಾ ಕಾಲದಿಂದಲೂ ಇದೆ. ಆಗ ಈವೆಂಟ್ ಲಾಗ್‌ನಲ್ಲಿ 4101 ಅನ್ನೋ ನಮೂದು ಬೀಳುತ್ತದೆ, ಡಿಸ್‌ಪ್ಲೇ ಡ್ರೈವರ್ ನಿಂತು ಮತ್ತೆ ಚೇತರಿಸಿಕೊಂಡಿತು ಅಂತ. ಓದಿದವರು ತಕ್ಷಣ ಡ್ರೈವರ್‌ನ ಮೇಲೆ ಗೂಬೆ ಕೂರಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಗೇಮ್‌ಗೆ ಡಿವೈಸ್ ಹೋಯಿತು ಅನ್ನೋ ಎರರ್ ಬಂದ ಕೂಡಲೇ ಗೆಟ್‌ಡಿವೈಸ್‌ರಿಮೂವ್ಡ್‌ರೀಸನ್ ಕರೆದು ಕಾರಣ ಬರೆದಿಡಿ. 'ಹಂಗ್' ಅಂತ ಬಂದರೆ ಗೇಮ್ ಕೊಟ್ಟ ಕಮಾಂಡ್‌ಗಳೇ ಕೆಟ್ಟಿರುವ ಸಾಧ್ಯತೆ ಇದೆ, ಮೊದಲು ನಿಮ್ಮ ಕೋಡ್ ನೋಡಿಕೊಳ್ಳಿ. 'ರಿಮೂವ್ಡ್' ಅಂತ ಬಂದರೆ ಆಟದ ಮಧ್ಯೆ ಡ್ರೈವರ್ ಅಪ್‌ಡೇಟ್ ಆಗಿರಬಹುದು. ಡ್ರೈವರ್‌ನ ಒಳಗಿನ ತಪ್ಪಿಗೆ ಬೇರೆಯದೇ ಕೋಡ್ ಇದೆ. ಡೈರೆಕ್ಟ್3ಡಿ 12 ಆದರೆ ಡಿಆರ್‌ಇಡಿ ಆನ್ ಮಾಡಿ. ಕೋಡ್‌ನಿಂದ ಅದನ್ನು ಆನ್ ಮಾಡುವ ದಾರಿ ವಿಂಡೋಸ್ 10ರ 1903 ಆವೃತ್ತಿಯಿಂದ ಇದೆ. ಜಿಪಿಯು ಯಾವ ಕೆಲಸದ ಹತ್ತಿರ ನಿಂತಿತು ಅನ್ನೋ ಜಾಡು ಅದರಿಂದ ಸಿಗುತ್ತದೆ.

ಪ್ಯಾಡ್ ವಿಷಯದಲ್ಲಿ ನನ್ನ ಹಠ ಒಂದೇ: ಕಚ್ಚಾ ಸಂಖ್ಯೆ ಬರೆಯಿರಿ. ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್‌ನ ಒಂದೊಂದು ಅಕ್ಷ -32768ರಿಂದ 32767ರವರೆಗೆ ಹೋಗುತ್ತದೆ. ಎಡ ಸ್ಟಿಕ್‌ಗೆ ಸೂಚಿಸಿರುವ ಡೆಡ್‌ಜೋನ್ (ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ನಡು ಜಾಗ) 7849, ಬಲಕ್ಕೆ 8689. ಇವನ್ನು ಕಳೆದು ತೋರಿಸಿದರೆ ಟೂಲ್‌ನಲ್ಲಿ ಎಲ್ಲ ಸ್ಟಿಕ್ಕೂ ನೆಟ್ಟಗೆ ನಿಂತಂತೆ ಕಾಣುತ್ತದೆ. ಕೈ ಬಿಟ್ಟಾಗ 6000ದಲ್ಲಿ ನಿಲ್ಲುವ ಸವೆದ ಸ್ಟಿಕ್ ನಿಮ್ಮ ಟೂಲ್‌ನಲ್ಲಿ ಪಾಸ್. ಕಡಿಮೆ ಡೆಡ್‌ಜೋನ್ ಇಟ್ಟಿರುವ ಗೇಮ್‌ನಲ್ಲಿ ಮಾತ್ರ ಕ್ಯಾಮೆರಾ ತಾನಾಗೇ ತಿರುಗುತ್ತಿರುತ್ತದೆ. ಸ್ಟಿಕ್ ಮುಟ್ಟದೆ ಇರಿ ಅಂತ ಆಡುವವರಿಗೆ ಹೇಳಿ, ಆ ಹೊತ್ತಿನ ಸಂಖ್ಯೆಗಳನ್ನು ಸುಮ್ನೆ ದಾಖಲಿಸಿ.

ಪ್ಯಾಡ್‌ನ ಹೆಸರನ್ನೂ ನಂಬಬೇಡಿ. 045ಇ ಮತ್ತು 028ಇ ಅನ್ನೋದು ಎಕ್ಸ್‌ಬಾಕ್ಸ್ 360 ಕಂಟ್ರೋಲರ್‌ನ ಐಡಿ. ಸಾಫ್ಟ್‌ವೇರ್ ಸೃಷ್ಟಿಸುವ ಸುಳ್ಳು ಪ್ಯಾಡ್‌ಗಳು ಇದೇ ಐಡಿಯಲ್ಲಿ ಬರೋದು ಸಾಮಾನ್ಯ. ಆಗ ಒಂದೇ ಪ್ಯಾಡ್ ಗೇಮ್‌ಗೆ ಎರಡಾಗಿ ಕಾಣುತ್ತದೆ, ಒಂದು ಸಲ ಒತ್ತಿದರೆ ಮೆನು ಎರಡು ಹೆಜ್ಜೆ ಹಾರುತ್ತದೆ. ಸಾಧನ ಯಾವುದರ ಮೂಲಕ ಸೇರಿಕೊಂಡಿದೆ, ಯುಎಸ್‌ಬಿಯೋ ಬ್ಲೂಟೂತೋ ಬರೀ ಸಾಫ್ಟ್‌ವೇರೋ ಅಂತ ನೋಡಿ ಬರೆಯಿರಿ. ಪ್ಯಾಡ್ ಇಲ್ಲ ಅಂದರೆ 'ಇಲ್ಲ' ಅನ್ನೋದನ್ನೂ, ಅದನ್ನು ತಿಳಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನೋದನ್ನೂ ಬರೆಯಿರಿ.

ಈಗ ನೀವು ಕೇಳಿದ ಡಿಎಕ್ಸ್‌ಡಯಾಗ್, ಡಬ್ಲ್ಯುಎಂಐ ಆಯ್ಕೆ. ಗೇಮ್‌ನ ಹೊರಗಿನಿಂದ ನೋಡೋದಾದರೆ ಎರಡೂ ನಡೆಯುತ್ತವೆ, ಆದರೆ ಎರಡೂ ಆ ಕ್ಷಣದ ಚಿತ್ರ ಮಾತ್ರ. ಡಬ್ಲ್ಯುಎಂಐನಲ್ಲಿ ವಿಡಿಯೋ ಮೆಮೊರಿ 32 ಬಿಟ್ ಸಂಖ್ಯೆ, 8 ಜಿಬಿ ಕಾರ್ಡನ್ನೂ ಅದು ಸರಿಯಾಗಿ ಹೇಳಲಾರದು. ಅದಕ್ಕಿಂತ ಮುಖ್ಯ, ಎರಡು ಜಿಪಿಯು ಇರುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಯಾವುದರ ಮೇಲೆ ಓಡಿತು ಅಂತ ಎರಡೂ ಹೇಳಲ್ಲ. ಗೇಮ್ ಒಳಗಿಂದಲೇ, ಡಿವೈಸ್ ಸೃಷ್ಟಿಸಿದ ಜಾಗದಲ್ಲಿ ಡಿಎಕ್ಸ್‌ಜಿಐ (ಡೈರೆಕ್ಟ್‌ಎಕ್ಸ್‌ನ ಒಂದು ಭಾಗ) ಮೂಲಕ ಅಡಾಪ್ಟರ್‌ನ, ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಹೆಸರು, ಐಡಿ, ಮೆಮೊರಿ ಬರೆಯಿರಿ. ಅಲ್ಲಿ ವೆಂಡರ್ ಐಡಿ 1414 ಅಂತ ಬಂದು ಹೆಸರು ಮೈಕ್ರೋಸಾಫ್ಟ್ ಬೇಸಿಕ್ ರೆಂಡರ್ ಡ್ರೈವರ್ ಅಂತ ಇದ್ದರೆ ಗೇಮ್ ಜಿಪಿಯು ಮೇಲೆ ಓಡುತ್ತಲೇ ಇಲ್ಲ, ಎಲ್ಲ ಕೆಲಸ ಸಿಪಿಯು ಮೇಲೆ ಬಿದ್ದಿದೆ. ನಿಮಗೆ ಕೆಂಪು ದೀಪ ಬೇಕೇ ಬೇಕು ಅಂದರೆ ಇಲ್ಲಿ ಹಚ್ಚಿ, ನನ್ನ ತಕರಾರಿಲ್ಲ.

'ಸರಿಪಡಿಸು' ಬಟನ್ ಮಾತ್ರ ಬೇಡವೇ ಬೇಡ. ಟಿಡಿಆರ್‌ನ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ ಹೆಚ್ಚಿಸುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಆ ಕೀಗಳು ಇರೋದು ಡ್ರೈವರ್ ಬರೆಯುವವರು ಪರೀಕ್ಷೆ ಮಾಡಲು. ಆಡುವವರ ಕಂಪ್ಯೂಟರ್‌ನಲ್ಲಿ ಅದನ್ನು ಮುಟ್ಟಿದರೆ ನಿಂತ ಪರದೆ ಇನ್ನೂ ಜಾಸ್ತಿ ಹೊತ್ತು ನಿಂತಿರುತ್ತದೆ, ಅಷ್ಟೇ. ಆ ಬಟನ್ ಇದ್ದ ಜಾಗದಲ್ಲಿ 'ವರದಿ ತೆರೆದು ನೋಡಿ' ಅಂತ ಇಡಿ. ಕಳಿಸುವ ಮೊದಲು ಜನ ಅದನ್ನು ಓದಲಿ. ಡಿಎಕ್ಸ್‌ಡಯಾಗ್ ವರದಿಯನ್ನು ಹಾಗೇ ಸೇರಿಸಿದರೆ ಕಂಪ್ಯೂಟರ್‌ನ ಹೆಸರೂ ಹೋಗುತ್ತದೆ. ಫೈಲ್ ಪಾತ್‌ಗಳಲ್ಲಿ ಬಳಕೆದಾರರ ಹೆಸರು ಇರುತ್ತದೆ, ಬ್ಲೂಟೂತ್ ಪ್ಯಾಡ್‌ಗೆ ಅದರದೇ ವಿಳಾಸ ಇರುತ್ತದೆ. ಜರ್ಕ್ ಹುಡುಕಲು ಇದ್ಯಾವುದೂ ಬೇಕಿಲ್ಲ, ಫೈಲ್ ಬರೆಯುವಾಗಲೇ ಅಳಿಸಿಬಿಡಿ.