ಸಂಪಾದಕರ ಉತ್ತರ: ಕಿಗ್ಗದ ಋಷಿ, ಜಪಾನಿನ ಮಳೆ

ಪುತ್ತೂರಿನ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಕೈ ಸೇರಿತು. ಕಳೆದ ಸಂಚಿಕೆಯಲ್ಲಿ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಫೋಟೊ ಪಕ್ಕದಲ್ಲೇ ಜಪಾನಿನ ಕಬುಕಿ ಎಂಬ ರಂಗಕಲೆಯ ನಟನ ಫೋಟೊ ಹಾಕಿ, ಕೆಳಗೆ ‘ಯಕ್ಷಗಾನ: ನಮ್ಮ ಕಬುಕಿ’ ಅಂತ ಬರೆದಿದ್ದೆವು. ಅದು ನಿಮಗೆ ನೋವು ತಂದಿದೆ. ‘ನಮ್ಮ ತಂದೆ ಮೂವತ್ತು ವರ್ಷ ಬಣ್ಣದ ವೇಷ ಮಾಡಿದವರು. ಅವರ ವೇಷ ಏನು ಅಂತ ತಿಳಿಸುವುದಕ್ಕೆ ಜಪಾನಿನ ಹೆಸರು ಹೇಳಬೇಕಾ?’ ಎಂದು ಕೇಳಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ: ಇಷ್ಟು ಹೋಲಿಕೆ ಇರುವಾಗ ನಮ್ಮ ಕಲೆಯೇ ಅಲ್ಲಿಗೆ ಹೋಗಿರಬೇಕು, ಅಲ್ವಾ?

ಮೊದಲನೆಯದರಲ್ಲಿ ನಿಮ್ಮ ಮಾತೇ ಸರಿ. ಹಾಗೆ ಬರೆಯಬಾರದಿತ್ತು, ತಪ್ಪಾಯಿತು. ಎರಡನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಕಬುಕಿ ಯಕ್ಷಗಾನದಿಂದ ಬಂದದ್ದಲ್ಲ. 1603ರ ಹೊತ್ತಿಗೆ ಕ್ಯೋಟೊ ಊರಿನಲ್ಲಿ ಇಜುಮೊದ ಒಕುನಿ ಎಂಬ ಹೆಂಗಸು ತಂಡ ಕಟ್ಟಿಕೊಂಡು ಕುಣಿದಳು, ಅಲ್ಲಿಂದ ಅದು ಶುರು. 1629ರಲ್ಲಿ ಆಳುವವರು ಹೆಂಗಸರು ರಂಗಕ್ಕೆ ಬರುವುದನ್ನೇ ನಿಷೇಧಿಸಿದರು. ಹೆಂಗಸೊಬ್ಬಳು ಹುಟ್ಟುಹಾಕಿದ ಆಟದಲ್ಲಿ ಹೆಣ್ಣುಪಾತ್ರ ಗಂಡಸರ ಪಾಲಾಯಿತು. ನೋಡುವುದಕ್ಕೆ ನಮ್ಮ ಸ್ತ್ರೀವೇಷದ ಹಾಗೇ ಇದ್ದರೂ ಅಲ್ಲಿನ ಕಾರಣ ಅಲ್ಲಿನದೇ.

ಮುಖದ ಬಣ್ಣವೂ ಅಷ್ಟೆ. ತಂದೆಯವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ಕೂತು ಚುಟ್ಟಿ ಇಡುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ನಾನು ಒಬ್ಬ ಕಲಾವಿದರ ಹತ್ತಿರ ಕೂತು ನೋಡಿದ್ದು ಒಂದೇ ಸಲ. ಅಕ್ಕಿ, ಸುಣ್ಣ ಸೇರಿಸಿ ಮಾಡಿದ ಹಿಟ್ಟನ್ನು ಕಡ್ಡಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಮುಳ್ಳಿನ ಹಾಗೆ ಒಂದೊಂದೇ ಎಬ್ಬಿಸುತ್ತಿದ್ದರು. ಒಂದು ಸಾಲು ಒಣಗಿದ ಮೇಲೆ ಮತ್ತೊಂದು. ಮಾತಾಡಿದರೆ ಬಿರುಕು ಬಿಡುತ್ತದೆಂದು ಆ ಕಲಾವಿದರು ಅಷ್ಟು ಹೊತ್ತೂ ಬಾಯಿ ತೆರೆಯಲಿಲ್ಲ. ಕನ್ನಡಿ ಬೇಕಾದರೂ ಕಣ್ಣಲ್ಲೇ ಕೇಳುತ್ತಿದ್ದರು. ಎದ್ದು ನಿಂತಾಗ ಅವರ ಸ್ವಂತ ಮುಖ ಎಲ್ಲೂ ಕಾಣಲಿಲ್ಲ. ನನಗೆ ಮೈ ಜುಂ ಎಂದಿತು.

ಕಬುಕಿಯ ಮುಖದ ಬಣ್ಣಕ್ಕೆ ‘ಕುಮದೊರಿ’ ಎನ್ನುತ್ತಾರೆ. ಅದರಲ್ಲಿ ಮುಖ ಹೀಗೆ ಮುಚ್ಚಿಹೋಗುವುದಿಲ್ಲ. ಮೊದಲು ಬಿಳಿ ಬಳಿದು, ಅದರ ಮೇಲೆ ಗೆರೆ ಎಳೆದು ಬೆರಳಿನಿಂದ ತೀಡುತ್ತಾರೆ. ಸಿಟ್ಟು ಬಂದಾಗ ಉಬ್ಬುವ ನರಗಳ ದಾರಿಯನ್ನೇ ಆ ಗೆರೆಗಳು ಹಿಡಿಯುತ್ತವೆ. ವೀರನಿಗೆ ಕೆಂಪು, ಕೇಡಿಗನಿಗೆ ನೀಲಿ. ಆಟ ಮುಗಿದ ಮೇಲೆ ಕೆಲವು ನಟರು ಮುಖಕ್ಕೆ ಬಟ್ಟೆ ಒತ್ತಿ ಆ ಗೆರೆಗಳ ಅಚ್ಚು ತೆಗೆಯುತ್ತಾರೆ. ಅಭಿಮಾನಿಗಳು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಚುಟ್ಟಿ ಬೆಳಗಿನ ಜಾವ ಪುಡಿಯಾಗಿ ಚೌಕಿಯ ನೆಲಕ್ಕೆ ಬೀಳುತ್ತದೆ. ನೆನೆದರೆ ಸಂಕಟವಾಗುತ್ತದೆ.

ಮಾತಿನಲ್ಲಂತೂ ದಾರಿಯೇ ಬೇರೆ. ಕಬುಕಿ ನಟನಿಗೆ ಬರೆದಿಟ್ಟ ಮಾತಿದೆ. ನಮ್ಮ ಪ್ರಸಂಗದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ, ಅರ್ಥ, ಅಂದರೆ ಪಾತ್ರಗಳ ಮಾತು, ಆ ರಾತ್ರಿಯೇ ಹುಟ್ಟಬೇಕು.

ಹಾಗಾದರೆ ನಂಟೇ ಇಲ್ಲವೇ? ಇದೆ. ಅದು ವೇಷದಲ್ಲಿಲ್ಲ, ಕತೆಯಲ್ಲಿದೆ.

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಸ್ಥಾನವಿದೆ. ಮಳೆ ಕೈಕೊಟ್ಟಾಗ ಜನ ಇವತ್ತಿಗೂ ಅಲ್ಲಿ ಪೂಜೆ ಮಾಡಿಸುತ್ತಾರೆ. ಋಷ್ಯಶೃಂಗನ ಕತೆ ನಿಮಗೆ ಗೊತ್ತೇ ಇದೆ. ವಿಭಾಂಡಕನ ಮಗ, ತಲೆಯಲ್ಲಿ ಕೊಂಬು, ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದವನು. ಮಹಾಭಾರತದಲ್ಲಿ ಅವನು ತನ್ನ ಮುಂದೆ ಬಂದ ವೇಶ್ಯೆಯನ್ನು ಯಾರೋ ಮುನಿಕುಮಾರ ಎಂದೇ ತಿಳಿಯುತ್ತಾನೆ. ಅವಳ ಜೊತೆ ಅಂಗದೇಶಕ್ಕೆ ಕಾಲಿಟ್ಟ ಕೂಡಲೇ ಅಲ್ಲಿ ಮಳೆ ಸುರಿಯುತ್ತದೆ.

ಇದೇ ಕತೆ ಬೌದ್ಧರ ಬಾಯಲ್ಲಿ ಬದಲಾಯಿತು. ಅಲ್ಲಿ ಋಷಿಗೆ ಒಂದೇ ಕೊಂಬು. ಮಳೆಯಲ್ಲಿ ಬೆಟ್ಟದ ಮೇಲೆ ಕಾಲು ಜಾರಿ ಬೀಳುತ್ತಾನೆ, ಸಿಟ್ಟಿನಲ್ಲಿ ಮಳೆಯನ್ನೇ ನಿಲ್ಲಿಸಿಬಿಡುತ್ತಾನೆ. 5ನೇ ಶತಮಾನದ ಆರಂಭದಲ್ಲಿ ಕುಮಾರಜೀವ ಎಂಬ ಬೌದ್ಧ ಪಂಡಿತ ಚೀನೀ ಭಾಷೆಗೆ ತಂದ ಗ್ರಂಥವೊಂದರಲ್ಲಿ ಈ ಕತೆ ಇದೆ. ಚೀನಾ ದಾಟಿ ಅದು ಜಪಾನಿನ ಹಳೆಯ ಕತೆಗಳ ರಾಶಿಗೂ ಸೇರಿತು. ಆಮೇಲೆ ಕೊಂಪಾರು ಜೆಂಪೊ ಎಂಬ ನಾಟಕಕಾರ ಅದನ್ನು ‘ನೋ’ ಎಂಬ ಜಪಾನಿನ ಇನ್ನೊಂದು ರಂಗಕಲೆಗೆ ತಂದ. ನಾಟಕದ ಹೆಸರು ‘ಇಕ್ಕಕು ಸೆನ್ನಿನ್’, ಅಂದರೆ ಒಂಟಿಕೊಂಬಿನ ಋಷಿ. ನಡೆಯುವುದು ಎಲ್ಲಿ ಗೊತ್ತಾ? ವಾರಾಣಸಿ ರಾಜ್ಯದಲ್ಲಿ! ಋಷಿ ಮಳೆಯ ನಾಗದೇವತೆಗಳನ್ನು ಬಂಡೆಯೊಳಗೆ ಕೂಡಿಹಾಕಿದ್ದಾನೆ. ರಾಜ ಕಳಿಸಿದ ಸುಂದರಿ ಮದ್ಯ ಕುಡಿಸಿ ಕುಣಿಯುತ್ತಾಳೆ. ಋಷಿಯೂ ಎದ್ದು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆ, ಅಮಲೇರಿ ಮಲಗುತ್ತಾನೆ. ಆಗ ರಂಗದ ಮೇಲಿನ ಬಂಡೆ ಎರಡಾಗಿ ಸೀಳುತ್ತದೆ. ನೋ ಎಂದರೆ ಬಹಳ ನಿಧಾನದ ಆಟ. ಅಲ್ಲಿ ಹೀಗೆ ಬಂಡೆ ಒಡೆಯುವುದನ್ನು ನೋಡುವಾಗ ಉಸಿರು ನಿಂತ ಹಾಗಾಗುತ್ತದೆ.

ಕಬುಕಿ ಅದನ್ನೇ ಎತ್ತಿಕೊಂಡಿತು. 1742ರಲ್ಲಿ ಒಸಾಕಾದಲ್ಲಿ ಆಡಿದ ದೊಡ್ಡ ನಾಟಕದ ಒಂದು ಭಾಗ ‘ನರುಕಮಿ’. ಇಲ್ಲಿ ಋಷಿ ಬೌದ್ಧ ಸನ್ಯಾಸಿಯಾಗಿದ್ದಾನೆ, ಕೊಂಬಿಲ್ಲ. ರಾಜ ಕೊಟ್ಟ ಮಾತು ತಪ್ಪಿದನೆಂದು ಮಳೆಯ ನಾಗನನ್ನು ಜಲಪಾತದಲ್ಲಿ ಬಂಧಿಸಿದ್ದಾನೆ. ಅವನ ವ್ರತ ಕೆಡಿಸಲು ಬರುವ ರಾಜಕುಮಾರಿಯ ಹೆಸರಿಗೆ ಮೋಡದ ನಡುವಿನ ಬಿರುಕು ಎಂಬ ಅರ್ಥ. ಅವನು ಮದ್ಯದ ಅಮಲಿನಲ್ಲಿ ಮಲಗಿದಾಗ ಅವಳು ಜಲಪಾತಕ್ಕೆ ಕಟ್ಟಿದ ಹಗ್ಗ ಕತ್ತರಿಸುತ್ತಾಳೆ. ಮಳೆ ಧೋ ಎಂದು ಸುರಿಯುತ್ತದೆ. ಎದ್ದ ಸನ್ಯಾಸಿ ರೋಷದಿಂದ ಉರಿಯುತ್ತಾನೆ. ಕೂದಲು ಕೆದರಿ, ಮುಖದಲ್ಲಿ ಗೆರೆಗಳು ಮೂಡಿ, ಅವಳನ್ನು ಅಟ್ಟಿಸಿಕೊಂಡು ಪ್ರೇಕ್ಷಕರ ನಡುವಿನ ಹಾದಿಯಲ್ಲಿ ಕುಪ್ಪಳಿಸುತ್ತಾ ಹೊರಡುತ್ತಾನೆ.

ನಾವು ಹಾಕಿದ್ದ ಫೋಟೊ ಈ ನರುಕಮಿಯದ್ದೇ. ಅದನ್ನು ಆರಿಸಿದ್ದು ನಾನು. ಬಣ್ಣದ ಹೋಲಿಕೆ ನೋಡಿ ಮರುಳಾಗಿ ಈ ಕತೆಯನ್ನು ಹೇಳದೇ ಬಿಟ್ಟೆವಲ್ಲ, ನನಗೆ ಅದೇ ಜಾಸ್ತಿ ಬೇಸರ. ಅಷ್ಟು ದೂರ ಹೋಗಿ, ಧರ್ಮ ಬದಲಾಗಿ, ಕೊಂಬು ಉದುರಿದರೂ ಕತೆಯೊಳಗಿನ ಮಳೆ ಮಾತ್ರ ಹಾಗೇ ಉಳಿದಿದೆ ನೋಡಿ.

ಮುಂದಿನ ಸಂಚಿಕೆಯಲ್ಲಿ ಎರಡೂ ಚಿತ್ರಗಳನ್ನು ಬೇರೆ ಬೇರೆ ಪುಟದಲ್ಲಿ, ಅವುಗಳದ್ದೇ ಹೆಸರಿನಲ್ಲಿ ಹಾಕುತ್ತೇವೆ. ತಂದೆಯವರ ಬಣ್ಣದ ವೇಷದ ಫೋಟೊ ಮನೆಯಲ್ಲಿದ್ದರೆ ಕಳಿಸಿಕೊಡಿ, ಜೋಪಾನವಾಗಿ ವಾಪಸ್ ಕಳಿಸುತ್ತೇವೆ. ಅವರ ಮೇಳದಲ್ಲಿ ಋಷ್ಯಶೃಂಗನ ಕತೆ ಆಡಿದ್ದುಂಟಾ ಅಂತಲೂ ಒಮ್ಮೆ ಅವರನ್ನು ಕೇಳಿ ಬರೆಯಿರಿ.

ಸಂಪಾದಕ