ಸ್ಕ್ಯಾನರಿನಲ್ಲಿ ರೈಲ್ವೆ ರೇಡಿಯೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿ ವಾಸವಾಗಿದ್ದೇನೆ. ಮನೆಯ ಸಮೀಪದಲ್ಲಿ ಹಾದುಹೋಗುವ ಗೂಡ್ಸ್ ರೈಲುಗಳ ಸಂಭಾಷಣೆಯನ್ನು ಕೇಳುವ ಆಸೆಯಿಂದ ‘ಡಿಜಿಟಲ್’ ಎಂದು ನಮೂದಿಸಿದ್ದ ಹಳೆಯ ಸ್ಕ್ಯಾನರೊಂದನ್ನು (ಹಲವು ರೇಡಿಯೊ ಚಾನೆಲ್‌ಗಳನ್ನು ಒಂದಾದ ಮೇಲೊಂದರಂತೆ ಹುಡುಕಿ ಕೇಳಿಸುವ ಸಾಧನ) ಕೊಂಡೆ. ಮುಖ್ಯ ಮಾರ್ಗದ ಮಾತು ಸ್ಪಷ್ಟವಾಗಿ ಬರುತ್ತದೆ. ಯಾರ್ಡಿನ ಕೆಲವು ಚಾನೆಲ್‌ಗಳಲ್ಲಿ ಮಾತ್ರ ಬರೀ ಗರಗರ ಶಬ್ದ. ಸ್ಕ್ಯಾನರ್ ಕೆಟ್ಟಿದೆಯೆ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಬಹುಶಃ ತಮ್ಮ ಸ್ಕ್ಯಾನರಿಗೆ ಅರ್ಥವಾಗುವ ಡಿಜಿಟಲ್ ಬೇರೆ, ರೈಲ್ವೆಯವರು ಬಳಸುವ ಡಿಜಿಟಲ್ ಬೇರೆ. ಹಳೆಯ ಡಿಜಿಟಲ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಪೊಲೀಸ್ ಮತ್ತು ಅಗ್ನಿಶಾಮಕ ದಳಗಳ ಪಿ25 ಪದ್ಧತಿಯನ್ನಷ್ಟೇ ಬಿಡಿಸಬಲ್ಲವು. ಅಮೆರಿಕದ ರೈಲ್ವೆಗಳಾದರೋ ಐಕಾಮ್ ಮತ್ತು ಕೆನ್‌ವುಡ್ ಕಂಪನಿಗಳು ಸೇರಿ ರೂಪಿಸಿದ ಎನ್‌ಎಕ್ಸ್‌ಡಿಎನ್ ಪದ್ಧತಿಯನ್ನು ಆರಿಸಿಕೊಂಡಿವೆ. ಇದಕ್ಕೆ ಹಿನ್ನೆಲೆಯಾದದ್ದು ತರಂಗಗಳ ಕೊರತೆ: 2013ರ ಜನವರಿ 1ರೊಳಗೆ 25 ಕಿಲೋಹರ್ಟ್ಸ್ ಅಗಲದ ಚಾನೆಲ್‌ಗಳನ್ನು 12.5ಕ್ಕೆ ಇಳಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗ ವಿಧಿಸಿತ್ತು, ಎನ್‌ಎಕ್ಸ್‌ಡಿಎನ್‌ಗೆ 6.25 ಕಿಲೋಹರ್ಟ್ಸ್ ಸಾಕು.

ಆದರೂ ಮುಖ್ಯ ಮಾರ್ಗಗಳಲ್ಲಿ ಈಗಲೂ ಬಹುಪಾಲು ಅನಲಾಗ್ (ಡಿಜಿಟಲ್ ಅಲ್ಲದ ಹಳೆಯ ಬಗೆಯ) ಮಾತೇ ನಡೆಯುತ್ತಿದೆ. ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಹಳಿಯ ಮೇಲೆ ಓಡುವುದು ಅಲ್ಲಿ ಸಾಮಾನ್ಯವಾದ ಕಾರಣ, ಎಲ್ಲರ ರೇಡಿಯೊಗಳೂ ಒಟ್ಟಿಗೆ ಬದಲಾಗದೆ ಮುಖ್ಯ ಚಾನೆಲ್‌ಗಳನ್ನು ಬದಲಿಸುವುದು ಕಷ್ಟ. ಹಾಗಾಗಿ, ಡಿಸ್ಪ್ಯಾಚರ್ (ರೈಲುಗಳ ಓಡಾಟವನ್ನು ನಿಯಂತ್ರಿಸುವವರು) ಮತ್ತು ಚಾಲಕರ ಸಂಭಾಷಣೆಯಷ್ಟೇ ಬೇಕಾದರೆ ಹೊಸ ಸ್ಕ್ಯಾನರಿಗೆ ಹಣ ಸುರಿಯುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಯಾರ್ಡಿನ ಮಾತೂ ಬೇಕೆಂದಾದರೆ ಯೂನಿಡೆನ್‌ನ ಎಸ್‌ಡಿಎಸ್100 ಅಥವಾ ಬಿಸಿಡಿ436ಎಚ್‌ಪಿ, ಇಲ್ಲವೇ ವಿಸ್ಲರ್‌ನ ಟಿಆರ್‌ಎಕ್ಸ್-1 ಆಗಬಹುದು. ಯೂನಿಡೆನ್‌ನ ಈ ಎರಡರಲ್ಲೂ ಎನ್‌ಎಕ್ಸ್‌ಡಿಎನ್ ಸೌಲಭ್ಯಕ್ಕೆ ಪ್ರತ್ಯೇಕವಾಗಿ ಹಣ ತೆರಬೇಕಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಗಮನಿಸಿ. ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ ನೋಡಲು, ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಗ್ರಾಹಕವಾದ ಆರ್‌ಟಿಎಲ್-ಎಸ್‌ಡಿಆರ್ ಮತ್ತು ಡಿಎಸ್‌ಡಿ ಪ್ಲಸ್ ತಂತ್ರಾಂಶ ಸಾಕು.

ಚಾನೆಲ್ ತುಂಬುವಾಗ ಎರಡು ಕಡೆ ಜಾಗ್ರತೆ ಬೇಕು. ರೈಲ್ವೆಯ ಸಾಮಾನ್ಯ ಚಾನೆಲ್‌ಗಳು 160.215 ಮೆಗಾಹರ್ಟ್ಸ್‌ನಿಂದ 161.565ರವರೆಗೆ 15 ಕಿಲೋಹರ್ಟ್ಸ್ ಅಂತರದಲ್ಲಿದ್ದು, ಕಿರಿದಾದ ಚಾನೆಲ್‌ಗಳು ಅವುಗಳ ನಡುವೆ, 7.5 ಕಿಲೋಹರ್ಟ್ಸ್ ಅಂತರದಲ್ಲಿ ಬರುತ್ತವೆ. ಹುಡುಕಾಟದ ಹೆಜ್ಜೆಯನ್ನು 7.5ಕ್ಕೆ ಇಡದಿದ್ದರೆ ಅವು ಕೈತಪ್ಪುತ್ತವೆ. ಇನ್ನೊಂದು, ‘ರ್‍ಯಾನ್’ ಎಂಬ, ಒಂದೇ ಚಾನೆಲ್ ಬಳಸುವ ಗುಂಪುಗಳನ್ನು ಬೇರ್ಪಡಿಸುವ, 0ಯಿಂದ 63ರವರೆಗಿನ ಸಂಕೇತ. ತಪ್ಪು ಸಂಖ್ಯೆ ಕೊಟ್ಟರೆ ಸಿಗ್ನಲ್ ಎಷ್ಟೇ ಬಲವಾಗಿದ್ದರೂ ಸ್ಕ್ಯಾನರ್ ಮೌನವಾಗಿರುತ್ತದೆ. ಆದ್ದರಿಂದ ಮೊದಲು ಈ ಸಂಕೇತವನ್ನು ಹುಡುಕಾಟದ ಸ್ಥಿತಿಯಲ್ಲಿಟ್ಟು, ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗೂಢಲಿಪೀಕರಣಗೊಂಡ ಮಾತನ್ನು ಯಾವ ಸ್ಕ್ಯಾನರೂ ಬಿಡಿಸಿ ಕೊಡದು.

ತಮ್ಮಲ್ಲಿರುವ ಸ್ಕ್ಯಾನರಿನಿಂದಲೇ ಮಾಡಬಹುದಾದ ಇನ್ನೊಂದು ಕೆಲಸವಿದೆ, ಇದು ನನಗೆ ಬಹಳ ಪ್ರಿಯವಾದದ್ದು. ಗೂಡ್ಸ್ ರೈಲಿನ ಕೊನೆಯ ವ್ಯಾಗನ್ನಿಗೆ ತೂಗುಹಾಕುವ ಪೆಟ್ಟಿಗೆಯು ಬ್ರೇಕ್ ಕೊಳವೆಯ ಒತ್ತಡವನ್ನು 457.9375 ಮೆಗಾಹರ್ಟ್ಸ್‌ನಲ್ಲಿ ಎಂಜಿನ್ನಿಗೆ ತಿಳಿಸುತ್ತಿರುತ್ತದೆ. ಆ ಚಾನೆಲ್ಲಿನಲ್ಲಿ ಚಿರ್ ಎಂಬ ಕಿರುಶಬ್ದ ಆಗಾಗ ಕೇಳಿಸತೊಡಗಿತೆಂದರೆ, ಯಾರೂ ಮಾತನಾಡದಿದ್ದರೂ ರೈಲು ಕೆಲವೇ ಮೈಲಿಗಳೊಳಗೆ ಇದೆಯೆಂದು ತಿಳಿಯಬಹುದು.

ಪ್ರಶ್ನೆ: ನ್ಯೂಜೆರ್ಸಿಯಿಂದ ಹುಬ್ಬಳ್ಳಿಗೆ ಶಾಶ್ವತವಾಗಿ ಮರಳುತ್ತಿದ್ದೇನೆ. ನನ್ನ ಸ್ಕ್ಯಾನರನ್ನು ತಂದು ಅಲ್ಲಿಯ ರೈಲ್ವೆ ಮಾತನ್ನು ಕೇಳಬಹುದೆ?

ಉತ್ತರ: ದಯವಿಟ್ಟು ತರಬೇಡಿ. ಅಮೆರಿಕದಲ್ಲಿ ಗೂಢಲಿಪಿಯಿಲ್ಲದ ರೈಲ್ವೆ ಮಾತನ್ನು ಹವ್ಯಾಸಕ್ಕಾಗಿ ಕೇಳುವುದಕ್ಕೆ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ವಾಹನದಲ್ಲಿ ಸ್ಕ್ಯಾನರ್ ಒಯ್ಯುವುದಕ್ಕೆ ಮಾತ್ರ ಕೆಲವು ರಾಜ್ಯಗಳ ನಿರ್ಬಂಧವಿದೆ. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ರೇಡಿಯೊ ಸಾಧನವನ್ನು ಹೊಂದಿರುವುದಕ್ಕೇ ಅನುಮತಿ ಬೇಕು, ಮತ್ತು 2023ರ ದೂರಸಂಪರ್ಕ ಕಾಯ್ದೆಯೂ ಅದೇ ನಿಲುವನ್ನು ಮುಂದುವರಿಸಿದೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಪಡೆದರೂ ಅದು ಹ್ಯಾಮ್‌ಗಳಿಗೆ ಮೀಸಲಾದ ತರಂಗಗಳಿಗೆ ಸೀಮಿತವೇ ಹೊರತು ರೈಲ್ವೆಯವರ ಮಾತಿಗೆ ಅನ್ವಯಿಸದು. ಮೇಲಾಗಿ, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟವು 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ರೈಲ್ವೆಗೆ 5 ಮೆಗಾಹರ್ಟ್ಸ್ ನೀಡಲು ಒಪ್ಪಿದ್ದು 4ಜಿ ಮೊಬೈಲ್ ಬಗೆಯ ಎಲ್‌ಟಿಇ ಜಾಲಕ್ಕಾಗಿ. ಆ ಜಾಲದ ಮಾತು ಹವ್ಯಾಸಿ ಸ್ಕ್ಯಾನರಿಗೆ ದಕ್ಕುವಂಥದ್ದಲ್ಲ. ತಮ್ಮ ಸ್ಕ್ಯಾನರನ್ನು ನ್ಯೂಜೆರ್ಸಿಯಲ್ಲೇ ಮತ್ತೊಬ್ಬ ಆಸಕ್ತರಿಗೆ ಕೊಟ್ಟುಬನ್ನಿ. ಪ್ರಯಾಣಿಕರ ರೈಲುಗಳು ಎಲ್ಲಿವೆಯೆಂದು ತಿಳಿಯಲು ರೈಲ್ವೆಯದೇ ಆದ ಎನ್‌ಟಿಇಎಸ್ ಸೇವೆ ಇಲ್ಲಿದೆ.