ಸಂಪಾದಕರ ಉತ್ತರ: ಹಂದಿಯೊಳಗೆ ಮಾತ್ರ ಹುಟ್ಟುವ ನಂಜು

ಜೀವವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: ‘ಹಂದಿಯ ದೇಹ ಸೇರಿದ ಬ್ಯಾಕ್ಟೀರಿಯಾದ ಜೀನ್‌ಗಳ ವರ್ತನೆ ಬದಲಾಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಅದು ಬೇರೆಯೇ ಜೀವಿ ಆದಂತಲ್ಲವೇ? ಇದನ್ನು ತಿಳಿಯಲು ಹಂದಿಗಳಿಗೇ ರೋಗ ತಗುಲಿಸಬೇಕೇ? ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ ಸಾಲದೇ?’

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಬದಲಾಗುವುದು ಜೀನ್ ಅಲ್ಲ, ಅದರ ಚಟುವಟಿಕೆ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಎಂಬುದನ್ನು ಸುತ್ತಲಿನ ಪರಿಸ್ಥಿತಿ ನಿರ್ಧರಿಸುತ್ತದೆ. ಸಕ್ಕರೆ ಇದ್ದಾಗ, ಇಲ್ಲದಾಗ ಬ್ಯಾಕ್ಟೀರಿಯಾ ಹೇಗೆ ಜೀನ್‌ಗಳನ್ನು ಚಾಲೂ ಮಾಡುತ್ತದೆ, ನಿಲ್ಲಿಸುತ್ತದೆ ಎಂದು ಫ್ರೆಂಚ್ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ 1961ರಲ್ಲೇ ವಿವರಿಸಿದ್ದರು.

ಎರಡನೆಯ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಬಹಳ ಹಿಡಿಸಿತು. ಇದಕ್ಕೆ ಆಕ್ಟಿನೊಬ್ಯಾಸಿಲಸ್ ಪ್ಲೂರೋನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಂದಿಗಳ ಶ್ವಾಸಕೋಶವನ್ನೂ ಅದರ ಹೊದಿಕೆಯನ್ನೂ ಹಾಳುಮಾಡುವ ಇದು, ರೋಗ ತೀವ್ರವಾದರೆ ಒಂದೆರಡು ದಿನಗಳಲ್ಲೇ ಪ್ರಾಣಿಯನ್ನು ಕೊಲ್ಲಬಲ್ಲದು.

ಪ್ರಯೋಗಾಲಯದ ಪೋಷಕ ದ್ರವದಲ್ಲಿ ಇದಕ್ಕೆ ಯಾವುದಕ್ಕೂ ಬರವಿಲ್ಲ. ಶ್ವಾಸಕೋಶದಲ್ಲಿ ಹಾಗಲ್ಲ. ಅಲ್ಲಿನ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್‌ನಂಥ ಪ್ರೋಟೀನ್‌ಗಳು ಗಟ್ಟಿಯಾಗಿ ಹಿಡಿದಿಟ್ಟಿರುತ್ತವೆ. ಬಿಡಿ ಕಬ್ಬಿಣ ಇಲ್ಲವೆಂದು ತಿಳಿದೊಡನೆ ಬ್ಯಾಕ್ಟೀರಿಯಾ ಟ್ರಾನ್ಸ್‌ಫೆರಿನ್‌ಗೆ ಅಂಟಿಕೊಂಡು ಕಬ್ಬಿಣವನ್ನು ಕಸಿಯುವ ಪ್ರೋಟೀನ್‌ಗಳನ್ನು ತಯಾರಿಸತೊಡಗುತ್ತದೆ. ಇವು ಹಂದಿಯ ಟ್ರಾನ್ಸ್‌ಫೆರಿನ್ ಅನ್ನು ಹಿಡಿಯುತ್ತವೆ, ಮನುಷ್ಯರದನ್ನು ಹಿಡಿಯುವುದಿಲ್ಲ. ಈ ರೋಗ ಹಂದಿಗಳಿಗೇ ಸೀಮಿತವಾಗಿರಲು ಇದೂ ಒಂದು ಕಾರಣ.

ಇನ್ನು ಆಮ್ಲಜನಕ. ಸದಾ ಗಾಳಿಯಾಡುವ ಶ್ವಾಸಕೋಶದಲ್ಲಿ ಅದಕ್ಕೇನು ಕೊರತೆ ಎನಿಸಬಹುದು. ಆದರೆ ಸೋಂಕಿನ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ದ್ರವ ತುಂಬಿ, ಅಂಗಾಂಶ ಸತ್ತಿರುತ್ತದೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕಲು ನೆರವಾಗುವ ಜೀನ್‌ಗಳು ಚುರುಕಾಗುತ್ತವೆ. ಅವುಗಳ ಚಾಲಕವಾದ ಎಚ್‌ಎಲ್‌ವೈಎಕ್ಸ್ ಎಂಬ ಪ್ರೋಟೀನ್ ಅನ್ನು ತೆಗೆದುಹಾಕಿದ ತಳಿ ಹಂದಿಗಳಲ್ಲಿ ಅಷ್ಟು ತೀವ್ರವಾದ ರೋಗ ತರಲಾರದು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ, ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳೂ ಶ್ವಾಸಕೋಶದ ದ್ರವದಲ್ಲಿ ಕಡಿಮೆ. ಅವನ್ನು ತಾನೇ ತಯಾರಿಸಿಕೊಳ್ಳಲಾಗದ ತಳಿಯೂ ಅಲ್ಲಿ ಸೊರಗುತ್ತದೆ.

ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು ಎಪಿಎಕ್ಸ್-4 ಎಂಬ ನಂಜು. ಇದರ ಜೀನ್ ಈ ಬ್ಯಾಕ್ಟೀರಿಯಾದ ಎಲ್ಲ ಬಗೆಗಳಲ್ಲೂ ಇದೆ. ಆದರೂ ಸಾಮಾನ್ಯ ಪೋಷಕ ದ್ರವದಲ್ಲಿ ಬೆಳೆಸಿದಾಗ ನಂಜು ತಯಾರಾಗುವುದಿಲ್ಲ. ಹಂದಿಗೆ ಸೋಂಕು ತಗುಲಿದಾಗ ಮಾತ್ರ ಆಗುತ್ತದೆ. ಗಾಜಿನ ತಟ್ಟೆಯನ್ನಷ್ಟೇ ನೋಡುತ್ತ ಕುಳಿತಿದ್ದರೆ ಇಂಥದ್ದೊಂದು ನಂಜು ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ. ಇದರಿಂದ ಪಶುವೈದ್ಯರಿಗೆ ದೊಡ್ಡ ಅನುಕೂಲವಾಯಿತು. ಕೊಂದ ಬ್ಯಾಕ್ಟೀರಿಯಾದಿಂದ ಮಾಡಿದ ಲಸಿಕೆಯಲ್ಲಿ ಎಪಿಎಕ್ಸ್-4 ಇರುವುದಿಲ್ಲ, ಹಾಗಾಗಿ ಲಸಿಕೆ ಪಡೆದ ಹಂದಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳೂ ಇರುವುದಿಲ್ಲ. ಪ್ರತಿಕಾಯ ಕಂಡರೆ ಆ ಹಂದಿಗೆ ನಿಜವಾಗಿಯೇ ಸೋಂಕು ತಗುಲಿತ್ತು ಎಂದರ್ಥ. ಹೊರಗೆ ಆರೋಗ್ಯವಾಗಿ ಕಾಣುತ್ತ ಟಾನ್ಸಿಲ್‌ನಲ್ಲಿ ಬ್ಯಾಕ್ಟೀರಿಯಾ ಹೊತ್ತು ತಿರುಗುವ ಹಂದಿಗಳಿರುವ ಹಿಂಡುಗಳನ್ನು ಹೀಗೆ ಪತ್ತೆಹಚ್ಚುತ್ತಾರೆ.

ಹಂದಿಯ ದೇಹದಿಂದ ಈ ಮಾಹಿತಿ ಪಡೆಯುವುದೇನೂ ಸುಲಭವಲ್ಲ. ಚಾಲೂ ಇರುವ ಜೀನ್‌ಗಳ ಸುಳಿವು ಕೊಡುವ ಬ್ಯಾಕ್ಟೀರಿಯಾದ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ, ಮೇಲಾಗಿ ಹಂದಿಯದೇ ಆರ್‌ಎನ್‌ಎ ರಾಶಿಯಲ್ಲಿ ಮುಚ್ಚಿಹೋಗಿರುತ್ತದೆ.

ಪ್ರಾಣಿಗಳ ಬಗೆಗಿನ ನಿಮ್ಮ ಕಳಕಳಿ ನನ್ನದೂ ಹೌದು. ಹಂದಿಯಲ್ಲಿ ಒಮ್ಮೆ ಕಂಡುಕೊಂಡದ್ದನ್ನು ಆದಷ್ಟೂ ಹೊರಗೆ ಮರುಸೃಷ್ಟಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕೆಲಸ ನಡೆದೂ ಇದೆ: ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ ಬ್ಯಾಕ್ಟೀರಿಯಾವನ್ನು ಇಟ್ಟಾಗ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳು ಅಲ್ಲೂ ಚುರುಕಾದವು. ಅಂಥ ಪ್ರಯೋಗಗಳು ಹೆಚ್ಚಿದಷ್ಟೂ ರೋಗ ತಗುಲಿಸಬೇಕಾದ ಹಂದಿಗಳ ಸಂಖ್ಯೆ ಇಳಿಯುತ್ತದೆ.